ಏಳನೇ ವರ್ಷದ ನಂತರದ ಕಾರು

ಬೆಳಗಿನ ಜಾವ ನಾಲ್ಕು ಗಂಟೆಗೆ ಪರಶುರಾಂಪುರದ ಬೀದಿಯಲ್ಲಿ ಕಾರಿನ ಸದ್ದು ಕೇಳಿದರೆ ಬಹುಮಟ್ಟಿಗೆ ಅದು ಆಸ್ಪತ್ರೆಗೆ ಹೊರಟ ಕಾರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ದಾವಣಗೆರೆಯಲ್ಲೋ ಬಳ್ಳಾರಿಯಲ್ಲೋ ಹೊತ್ತೇರುವ ಮೊದಲು ಚೀಟಿ ಮಾಡಿಸಬೇಕು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ ಅಜ್ಜಿ, ಮಡಿಲಲ್ಲಿ ಸ್ಕ್ಯಾನಿಂಗ್ ಕವರ್ ಇಟ್ಟುಕೊಂಡ ಸೊಸೆ, ಡಿಕ್ಕಿಯಲ್ಲಿ ಬುತ್ತಿಗಂಟು, ನೀರಿನ ಕ್ಯಾನು. ಬಾಗಿಲಲ್ಲಿ ನಿಂತ ಹಿರಿಯರೊಬ್ಬರು ಡ್ರೈವರನ್ನು ಕೇಳುತ್ತಾರೆ: "ಗಾಡಿ ಕಂಡೀಷನ್ನಾಗಿ ಐತೇನಪ್ಪಾ? ದಾರ್ಯಾಗೆ ಕೈ ಕೊಟ್ಟೀತು."

ಇದೇ ಪ್ರಶ್ನೆಯನ್ನು ಕಾರು ಕೊಳ್ಳುವ ದಿನ ಕೇಳುವವರು ಕಡಿಮೆ. ಅಂದು ಮಾತೆಲ್ಲ ಬೆಲೆಯದ್ದು, ಮೈಲೇಜಿನದ್ದು, ಇಎಂಐಯದ್ದು. ಈಚೆಗೆ ಟಚ್‌ಸ್ಕ್ರೀನು, ಸನ್‌ರೂಫಿನದ್ದೂ. ಹತ್ತು ವರ್ಷ ಕಳೆದ ಮೇಲೆ ಈ ಗಾಡಿ ನಡುರಾತ್ರಿ ಹೊರಟರೆ ಊರು ಮುಟ್ಟಿಸುತ್ತದೆಯೇ ಎಂಬುದು ಮಾತಿಗೇ ಬರುವುದಿಲ್ಲ. ಬಂದರೂ "ಒಳ್ಳೆ ಕಂಪನಿ ಬಿಡಿ" ಎಂಬಲ್ಲಿಗೆ ಮುಗಿದುಹೋಗುತ್ತದೆ.

ಕಾರಿನ ಆಯ್ಕೆಯಲ್ಲಿ ಬಾಳಿಕೆಗೆ ಎಷ್ಟು ತೂಕ ಕೊಡಬೇಕು? ಎಲ್ಲರಿಗೂ ಒಂದೇ ಉತ್ತರವಿಲ್ಲ. ಬೆಂಗಳೂರಿನ ಜಯನಗರದಲ್ಲಿದ್ದು ಐದು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ ಅದು ಹತ್ತರಲ್ಲಿ ಒಂದು ಸಂಗತಿ. ಪರಶುರಾಂಪುರದಂಥ ಹೋಬಳಿ ಕೇಂದ್ರದಲ್ಲಿದ್ದು, ಒಮ್ಮೆ ಕೊಂಡ ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವವರಿಗೆ ಸುರಕ್ಷತೆಯೊಂದನ್ನು ಬಿಟ್ಟರೆ ಅದೇ ಮೊದಲನೆಯದು. ಯಾಕೆಂದು ನೋಡೋಣ.

ಮೆಕ್ಯಾನಿಕ್ ಎಷ್ಟು ದೂರ?

ಪರಶುರಾಂಪುರ ಚಳ್ಳಕೆರೆ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಪಕ್ಕದಲ್ಲೇ ವೇದಾವತಿ. ಹೊಳೆಯ ಜಾಡು ಹಿಡಿದು ಹೋದರೆ ಆಂಧ್ರದ ಅನಂತಪುರ ಜಿಲ್ಲೆ, ಭೈರವಾನಿತಿಪ್ಪ ಅಣೆಕಟ್ಟು. ತಾಲ್ಲೂಕು ಕೇಂದ್ರ ಚಳ್ಳಕೆರೆ ಮೂವತ್ತು ಕಿ.ಮೀ. ಆಸುಪಾಸು, ಜಿಲ್ಲಾ ಕೇಂದ್ರ ಚಿತ್ರದುರ್ಗ ಅಲ್ಲಿಂದ ಮತ್ತೆ ಅಷ್ಟೇ ದೂರ. ಬೆಂಗಳೂರು ಎಂದರೆ ಹೆಚ್ಚುಕಡಿಮೆ ಇನ್ನೂರು ಕಿ.ಮೀ.

ಊರಲ್ಲಿ ಪಂಕ್ಚರ್ ಅಂಗಡಿಗೆ, ಟ್ರ್ಯಾಕ್ಟರು ಬೈಕು ರಿಪೇರಿ ಮಾಡುವವರಿಗೆ ಕೊರತೆಯಿಲ್ಲ. ಕಾರಿನ ಇಂಜಿನ್ ಬಿಚ್ಚಬಲ್ಲ ಮೆಕ್ಯಾನಿಕ್ ಬೇಕೆಂದರೆ ಚಳ್ಳಕೆರೆಯ ಕಡೆ ಮುಖ ಮಾಡಬೇಕು. ಕಂಪ್ಯೂಟರ್ ಹಚ್ಚಿ ದೋಷ ಹಿಡಿಯಬೇಕಾದ ಕೆಲಸವಾದರೆ ಚಿತ್ರದುರ್ಗವೋ ದಾವಣಗೆರೆಯೋ. ನಗರದಲ್ಲಿ ಕಾರು ಕೆಟ್ಟರೆ ಆಟೊ ಹಿಡಿದು ಮನೆಗೆ ಹೋಗಿ, ಮಧ್ಯಾಹ್ನ ಸರ್ವಿಸ್ ಸೆಂಟರಿಗೆ ಫೋನು ಮಾಡಿದರಾಯಿತು. ಇಲ್ಲಿ ಕೆಟ್ಟರೆ ಎಳೆದೊಯ್ಯುವ ಖರ್ಚು, ಎರಡು ದಿನದ ಕೂಲಿ, ತಪ್ಪಿದ ಆಸ್ಪತ್ರೆಯ ಸರದಿ ಎಲ್ಲವೂ ರಿಪೇರಿ ಬಿಲ್ಲಿನ ಮೇಲೆ ಬೀಳುತ್ತವೆ. ಆ ಬಿಲ್ಲಿನಲ್ಲಿ ಮಾತ್ರ ಅವು ಕಾಣಿಸುವುದಿಲ್ಲ.

ಆದ್ದರಿಂದ ಈ ಭಾಗದವರು ಬಾಳಿಕೆಯನ್ನು ಎರಡು ತುಂಡು ಮಾಡಿ ನೋಡಬೇಕು. ಕಾರು ಎಷ್ಟು ಅಪರೂಪಕ್ಕೆ ಕೆಡುತ್ತದೆ ಎಂಬುದು ಒಂದು. ಕೆಟ್ಟಾಗ ಯಾರು, ಎಷ್ಟು ದೂರದಲ್ಲಿ, ಎಷ್ಟು ಬೇಗ ಸರಿಮಾಡುತ್ತಾರೆ ಎಂಬುದು ಇನ್ನೊಂದು. ಕೊಳ್ಳುವವರು ಮೊದಲನೆಯದನ್ನು ಮಾತ್ರ ವಿಚಾರಿಸುತ್ತಾರೆ. ಎರಡನೆಯದೂ ಅಷ್ಟೇ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಬಾಸಿಡರ್ ಕಲಿಸಿದ ಪಾಠ, ಕ್ವಾಲಿಸ್ ಕಲಿಸಿದ ಪಾಠ

ಹಳೆಯ ತಲೆಮಾರಿಗೆ ಗಟ್ಟಿ ಗಾಡಿ ಎಂದರೆ ಅಂಬಾಸಿಡರ್. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾದ ಈ ಕಾರು ಕೆಡುತ್ತಿರಲಿಲ್ಲ ಎಂದಲ್ಲ, ಸಾಕಷ್ಟು ಕೆಡುತ್ತಿತ್ತು. ಆದರೆ ರಸ್ತೆ ಬದಿಯ ಯಾವ ಮೆಕ್ಯಾನಿಕ್ ಬೇಕಾದರೂ ನಾಲ್ಕು ಸ್ಪ್ಯಾನರ್ ಹಿಡಿದು ಅದನ್ನು ಎಬ್ಬಿಸಿ ಕಳಿಸುತ್ತಿದ್ದ. ಅದರ ಮೇಲಿನ ನಂಬಿಕೆಯಲ್ಲಿ ಅರ್ಧ ಪಾಲು ಕಾರಿನದ್ದಾದರೆ ಅರ್ಧ ಪಾಲು ಮೆಕ್ಯಾನಿಕ್‌ಗಳದ್ದು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಬೇರೆಯದೇ ಬಗೆಯ ನಂಬಿಕೆ ತಂದಿತು. ಸುಜುಕಿಯ ತಂತ್ರಜ್ಞಾನ, ಮೂರು ಸಿಲಿಂಡರಿನ ಪುಟ್ಟ ಇಂಜಿನ್, ಕೀಲಿ ತಿರುಗಿಸಿದರೆ ಹೊರಡುವ ಗುಣ. ಬಿಡಿಭಾಗ ಎಲ್ಲ ಊರಲ್ಲೂ ಸಿಗುವಂತಾದ ಮೇಲೆ ಅದು ಹಳ್ಳಿಗೂ ಬಂತು.

ಬಾಡಿಗೆ ಗಾಡಿಯವರ ಲೋಕದಲ್ಲಿ ಅಳತೆಗೋಲು ಬದಲಿಸಿದ್ದು ನಮ್ಮ ಬಿಡದಿಯಲ್ಲೇ ತಯಾರಾದ ಟೊಯೋಟಾ ಕ್ವಾಲಿಸ್. 2000ದಲ್ಲಿ ಬಂತು, ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ನಿಂತಿತು; ಅದರ ಜಾಗಕ್ಕೆ ಇನ್ನೋವಾ ಬಂತು. ಕ್ವಾಲಿಸ್ ನೋಡಲು ಅಂದವಾದ ಗಾಡಿಯೇನೂ ಆಗಿರಲಿಲ್ಲ. ಲಕ್ಷಗಟ್ಟಲೆ ಕಿ.ಮೀ. ಓಡಿದರೂ ಇಂಜಿನ್ ಬಿಚ್ಚುವ ಕೆಲಸ ಬರುವುದಿಲ್ಲ ಎಂಬ ಹೆಸರು ಅದಕ್ಕಿತ್ತು, ಡ್ರೈವರುಗಳಿಗೆ ಅಷ್ಟು ಸಾಕಿತ್ತು. ನಾಯಕನಹಟ್ಟಿ ತೇರಿಗೆ, ಗೌರಸಮುದ್ರ ಮಾರಮ್ಮನ ಜಾತ್ರೆಗೆ ಜನ ತುಂಬಿಕೊಂಡು ಹೋಗುವ ಸುಮೊ, ಟ್ರ್ಯಾಕ್ಸ್, ಬೊಲೆರೊಗಳಿಗೂ ಇಂಥದ್ದೇ ಒಂದೊಂದು ಹೆಸರಿದೆ. ಅವು ಕೆಟ್ಟರೂ ಊರಿನ ಮೆಕ್ಯಾನಿಕ್ ಕೈಗೆ ಸಿಗುವ ಗಾಡಿಗಳು.

ಇಲ್ಲೊಂದು ಎಚ್ಚರ ಬೇಕು. ಹೆಸರು ಹಳೆಯ ಇಂಜಿನ್ನಿನದ್ದು, ಇವತ್ತು ಮಾರಾಟವಾಗುವ ಇಂಜಿನ್ ಬೇರೆ. ಬೊಲೆರೊವನ್ನೇ ನೋಡಿ. ಹಳ್ಳಿಹಳ್ಳಿಯಲ್ಲಿ ಹೆಸರು ಮಾಡಿದ್ದು ಅದರ ಎರಡೂವರೆ ಲೀಟರಿನ ಡೀಸೆಲ್ ಇಂಜಿನ್. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬರುತ್ತಿರುವುದು ಒಂದೂವರೆ ಲೀಟರಿನ ಮೂರು ಸಿಲಿಂಡರ್ ಇಂಜಿನ್. ಅದು ಕೆಟ್ಟದ್ದೆಂದು ಹೇಳುತ್ತಿಲ್ಲ. ಅಪ್ಪ ಗಳಿಸಿದ ಹೆಸರನ್ನು ಮಗನ ಖಾತೆಗೆ ಹಾಕುವ ಮುನ್ನ ಮಗನನ್ನೂ ನೋಡಬೇಕು ಎನ್ನುತ್ತಿದ್ದೇನೆ.

ಕಾರು ಯಾವಾಗ ಕೆಡುತ್ತದೆ?

ಹೊಸ ಕಾರಿನ ಮೊದಲ ಕೆಲವು ತಿಂಗಳು ಕಾರ್ಖಾನೆಯ ಲೋಪಗಳು ಹೊರಬೀಳುವ ಕಾಲ: ಸಡಿಲ ಬಿಟ್ಟ ತಂತಿ, ಸೋರುವ ಸೀಲು, ತಪ್ಪು ಸಾಫ್ಟ್‌ವೇರ್. ಅವೆಲ್ಲ ವಾರಂಟಿಯಲ್ಲಿ ಸರಿಯಾಗುತ್ತವೆ. ಆಮೇಲೆ ಐದಾರು ವರ್ಷ ನೆಮ್ಮದಿ. ಅಲ್ಲಿಂದಾಚೆ ಸವೆತದ ಕಾಲ ಶುರುವಾಗುತ್ತದೆ. ರಬ್ಬರ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್, ಕ್ಲಚ್ ಪ್ಲೇಟ್, ವಾಟರ್ ಪಂಪ್, ಆಲ್ಟರ್ನೇಟರ್, ಎಸಿ ಕಾಯಿಲ್ ಒಂದರ ಹಿಂದೊಂದು ಸರದಿ ಹಚ್ಚುತ್ತವೆ.

ಒಳ್ಳೆಯ ಕಾರಿಗೂ ಸಾಧಾರಣ ಕಾರಿಗೂ ಇರುವ ವ್ಯತ್ಯಾಸ ನಿಜವಾಗಿ ಬಯಲಾಗುವುದು ಈ ಮೂರನೇ ಘಟ್ಟದಲ್ಲಿ. ಇವತ್ತಿನ ಬಹುತೇಕ ಎಲ್ಲ ಕಾರುಗಳೂ ಮೊದಲ ಐದು ವರ್ಷ ಹೆಚ್ಚು ತೊಂದರೆ ಕೊಡದೆ ಓಡುತ್ತವೆ. ಮೊದಲ ಮಾಲೀಕ ಅಷ್ಟರಲ್ಲಿ ಮಾರಿಬಿಟ್ಟರೆ ವ್ಯತ್ಯಾಸ ಅವನಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ಎರಡನೆಯವನಿಗೆ.

ಆ ಎರಡನೆಯವನು ಎಲ್ಲಿರುತ್ತಾನೆ? ಬೆಂಗಳೂರಿನ ಐಟಿ ಉದ್ಯೋಗಿ ಆರು ವರ್ಷ ಓಡಿಸಿ ಮಾರಿದ ಕಾರು ಹಿರಿಯೂರು ದಾಟಿ ಇತ್ತ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಬಯಲುಸೀಮೆಯ ಮನೆಯವರು, ಸವೆತ ಶುರುವಾಗುವ ಸರಿಯಾದ ಗಳಿಗೆಯಲ್ಲಿ ಆ ಕಾರಿನ ಬದುಕಿನೊಳಗೆ ಕಾಲಿಡುತ್ತಾರೆ. ಪತ್ರಿಕೆ, ಟಿವಿ, ಯೂಟ್ಯೂಬುಗಳಲ್ಲಿ ಕಾರಿನ ವಿಮರ್ಶೆಯೆಂದು ಬರುವುದು ಹೊಸ ಕಾರನ್ನು ಒಂದೆರಡು ದಿನ ಓಡಿಸಿದ ಅನುಭವ. ಅದು ಇವರಿಗೆ ಏನನ್ನೂ ಹೇಳುವುದಿಲ್ಲ.

ಬಿಸಿಲು, ಧೂಳು, ಜಾಲಿಮುಳ್ಳು

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಇಲ್ಲಿನ ವಾತಾವರಣ ಕಾರಿಗೆ ತನ್ನದೇ ಆದ ಪರೀಕ್ಷೆ ಒಡ್ಡುತ್ತದೆ.

ಮೊದಲನೆಯದು ಧೂಳು. ಹೊಲದ ದಾರಿಯಲ್ಲಿ ಓಡಾಡುವ ಕಾರಿನ ಏರ್ ಫಿಲ್ಟರನ್ನು ಕಂಪನಿ ಹೇಳಿದ ಅವಧಿಗಿಂತ ಬೇಗ ಬದಲಿಸಬೇಕು. ಪುಸ್ತಕದಲ್ಲಿ 'ಧೂಳಿನ ಪ್ರದೇಶದಲ್ಲಿ' ಎಂದು ಬೇರೆಯೇ ಅವಧಿ ಕೊಟ್ಟಿರುತ್ತಾರೆ, ಅದನ್ನು ಓದುವವರು ವಿರಳ. ಕಂಪ್ರೆಸರ್ ಗಾಳಿ ಹಿಡಿದು ಊದಿಸಿ ಮತ್ತೆ ಅದನ್ನೇ ಹಾಕುವ ರೂಢಿಯಿದೆ. ಜೋರು ಗಾಳಿಗೆ ಫಿಲ್ಟರಿನ ಕಾಗದ ಕಣ್ಣಿಗೆ ಕಾಣದಷ್ಟು ಹರಿದರೂ ಸಾಕು, ಮರಳಿನ ಪುಡಿ ಸಿಲಿಂಡರಿಗೆ ಇಳಿದು ಇಂಜಿನ್ನಿನ ಆಯಸ್ಸು ತಿನ್ನುತ್ತದೆ. ಕೆಲವು ನೂರು ರೂಪಾಯಿಯ ಫಿಲ್ಟರು ಉಳಿಸಹೋಗಿ ಇಂಜಿನ್ ಬೋರಿಗೆ ಹಣ ಸುರಿಯುವುದು ಹೀಗೆ.

ಎರಡನೆಯದು ನೀರು. ಈ ಸೀಮೆಯ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ. ಕುಡಿಯುವವರ ಹಲ್ಲು ಮೂಳೆಗೆ ಆ ನೀರು ಏನು ಮಾಡಿದೆಯೆಂದು ಚಳ್ಳಕೆರೆ, ಮೊಳಕಾಲ್ಮುರು, ಪಾವಗಡದ ಜನರಿಗೆ ಹೇಳಬೇಕಾಗಿಲ್ಲ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಸುಣ್ಣ ಕಟ್ಟಿ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಹೋಗುವಾಗ ಇಂಜಿನ್ ಕಾದು ನಿಲ್ಲುವುದಕ್ಕೆ ಇದೊಂದು ದೊಡ್ಡ ಕಾರಣ. ಕೂಲಂಟ್ ಜೊತೆಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬಾರದು.

ಮೂರನೆಯದು ಬಳ್ಳಾರಿ ಜಾಲಿಯ ಮುಳ್ಳು. ಟೈರು ಚುಚ್ಚದ ದಾರಿಯೇ ಇಲ್ಲಿಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇರುವ ಕಾರಿನಲ್ಲಿ ಸ್ಟೆಪ್ನಿ ಇಡದಿದ್ದರೂ ನಡೆಯುತ್ತದೆ ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿತು. ಅಲ್ಲಿಂದೀಚೆಗೆ ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಎಲೆಕ್ಟ್ರಿಕ್ ಕಾರುಗಳಲ್ಲಿ, ಸ್ಟೆಪ್ನಿಯೇ ಇರುವುದಿಲ್ಲ. ಸಣ್ಣ ಮುಳ್ಳಿಗೆ ಕಿಟ್ ಸಾಕು. ಕಲ್ಲಿಗೆ ಬಡಿದು ಟೈರಿನ ಪಕ್ಕೆ ಸೀಳಿದರೆ ಕಿಟ್ ಏನೂ ಮಾಡಲಾರದು. ಇಂಥ ದಾರಿಯಲ್ಲಿ ಓಡಾಡುವವರು ಕೊಳ್ಳುವ ಮೊದಲು ಡಿಕ್ಕಿಯ ಕೆಳಗಿನ ಹಲಗೆ ಎತ್ತಿ ನೋಡಲೇಬೇಕು.

ಇನ್ನು ಇಲಿ. ಶೇಂಗಾ ಚೀಲದ ಪಕ್ಕ ಕಾರು ನಿಲ್ಲಿಸಿದರೆ ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುತ್ತದೆ. ಹಳೆಯ ಗಾಡಿಯಲ್ಲಿ ನಾಲ್ಕು ತಂತಿ ಕಡಿದರೆ ಟೇಪು ಸುತ್ತಿ ಮುಂದೆ ಹೋಗಬಹುದಿತ್ತು. ಇಂದಿನ ಕಾರಿನಲ್ಲಿ ಪ್ರತಿ ತಂತಿಯೂ ಒಂದಲ್ಲ ಒಂದು ಸೆನ್ಸರಿನದ್ದು. ಇಡೀ ವೈರಿಂಗ್ ಬದಲಿಸಬೇಕಾಗಿ ಬಂದರೆ ಬಿಲ್ಲು ಹತ್ತಾರು ಸಾವಿರ ದಾಟುತ್ತದೆ.

ಡೀಸೆಲ್ ಕಾರು ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಬಿಎಸ್-6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಕಾರು ಆಗಾಗ ಹೆದ್ದಾರಿಯಲ್ಲಿ ಒಂದೇ ಸಮ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ದಿನವೂ ಊರಿಂದ ಹೊಲಕ್ಕೆ, ಹೊಲದಿಂದ ಊರಿಗೆ ಮೂರು ನಾಲ್ಕು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಅದು ಕಟ್ಟಿಕೊಂಡು ದೀಪ ಹೊತ್ತಿಸುತ್ತದೆ. ಹಿಂದೆ "ಹಳ್ಳಿಗೆ ಡೀಸೆಲ್ಲೇ ಸರಿ" ಎನ್ನುತ್ತಿದ್ದ ಮಾತು ಅಂಥವರಿಗೆ ಈಗ ಸಲ್ಲುವುದಿಲ್ಲ.

ಮೈಲೇಜ್ ಲೆಕ್ಕ, ಬಾಳಿಕೆ ಲೆಕ್ಕ

ಮೈಲೇಜ್ ಬಗ್ಗೆ ನಮಗಿರುವ ಕಾಳಜಿಯ ಕಾಲುಭಾಗ ಬಾಳಿಕೆಯ ಬಗ್ಗೆ ಇದ್ದರೂ ಸಾಕಿತ್ತು. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸುತ್ತೀರಿ ಎಂದಿಟ್ಟುಕೊಳ್ಳಿ. ಲೀಟರಿಗೆ 18 ಕಿ.ಮೀ. ಕೊಡುವ ಕಾರಿಗೆ ಸುಮಾರು 555 ಲೀಟರ್ ಪೆಟ್ರೋಲ್ ಬೇಕು, 20 ಕೊಡುವ ಕಾರಿಗೆ 500 ಲೀಟರ್. ಲೀಟರಿಗೆ ನೂರು ರೂಪಾಯಿಯ ಮೇಲೆ ಹಿಡಿದರೂ ವ್ಯತ್ಯಾಸ ವರ್ಷಕ್ಕೆ ಐದಾರು ಸಾವಿರ. ಏಳು ವರ್ಷಕ್ಕೆ ನಲವತ್ತು ಸಾವಿರದ ಆಸುಪಾಸು. ಆಟೊಮ್ಯಾಟಿಕ್ ಗೇರ್‌ಬಾಕ್ಸೋ ಟರ್ಬೋವೋ ಒಮ್ಮೆ ಕೈ ಕೊಟ್ಟರೆ ಆ ಉಳಿತಾಯವೆಲ್ಲ ಒಂದೇ ಏಟಿಗೆ ಹೋಗುತ್ತದೆ.

ಕಾರಿನ ನಿಜವಾದ ದೊಡ್ಡ ಖರ್ಚು ಬೆಲೆಯ ಇಳಿತ. ವಿಮಾ ಕಂಪನಿಗಳು ಅನುಸರಿಸುವ ಕೋಷ್ಟಕದ ಪ್ರಕಾರ ಕಾರಿನ ಮೌಲ್ಯ ನಾಲ್ಕರಿಂದ ಐದನೇ ವರ್ಷದ ಹೊತ್ತಿಗೆ ಶೇ 50ರಷ್ಟು ಕುಸಿಯುತ್ತದೆ. ಎಂಟು ಲಕ್ಷದ ಕಾರನ್ನು ಐದು ವರ್ಷಕ್ಕೆ ನಾಲ್ಕು ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 80 ಸಾವಿರ ಕರಗಿದಂತೆ. ಅದನ್ನೇ ಹನ್ನೆರಡು ವರ್ಷ ಓಡಿಸಿ ಒಂದೂವರೆ ಲಕ್ಷಕ್ಕೆ ಕೊಟ್ಟರೆ ವರ್ಷಕ್ಕೆ 54 ಸಾವಿರ. ನಡುವಿನ ಅಂತರವೇ ನೀವು ರಿಪೇರಿಗೆ ಇಟ್ಟುಕೊಳ್ಳಬಹುದಾದ ಹಣ. ಬಾಳಿಕೆಯ ಕಾರಾದರೆ ಅದರಲ್ಲಿ ಉಳಿಯುತ್ತದೆ, ಅಲ್ಲದಿದ್ದರೆ ಸಾಲದು.

ಕರ್ನಾಟಕದವರಿಗೆ ಇನ್ನೊಂದು ಕಾರಣವಿದೆ. ನಮ್ಮ ಆಜೀವ ತೆರಿಗೆ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಸೆಸ್ ಸೇರಿ ಶೇ 15ರ ಮೇಲೆ. ಎಂಟು ಲಕ್ಷದ ಕಾರಿಗೆ ಸುಮಾರು ಒಂದೂಕಾಲು ಲಕ್ಷ ಮೊದಲ ದಿನವೇ ಕಟ್ಟಿರುತ್ತೀರಿ. ಮಾರುವಾಗ ಅದರಲ್ಲಿ ಒಂದು ಪಾಲು ಬೆಲೆಯೊಳಗೆ ಸೇರಿ ವಾಪಸು ಬರಬಹುದು, ಪೂರ್ತಿ ಬರುವುದಿಲ್ಲ. ಹೀಗೆ ಒಮ್ಮೆಗೇ ತೆರಿಗೆ ಕಟ್ಟಿಸಿಕೊಳ್ಳುವ ರಾಜ್ಯದಲ್ಲಿ ಕಾರನ್ನು ಹೆಚ್ಚು ವರ್ಷ ಇಟ್ಟುಕೊಂಡವರಿಗೇ ಲಾಭ.

ಏಳು ವರ್ಷಕ್ಕೆ ಮುಗಿಯುವ ರಕ್ಷಣೆ

ಕೊಳ್ಳುವವರನ್ನು ಕಾಯುವ ವ್ಯವಸ್ಥೆಗಳೆಲ್ಲ ಕಾರಿನ ಎಳೆಯ ವಯಸ್ಸಿಗೇ ಸೀಮಿತ. ವಾರಂಟಿ ಈಗ ಹೆಚ್ಚಿನ ಕಂಪನಿಗಳಲ್ಲಿ ಮೂರು ವರ್ಷ. ಹಣ ಕಟ್ಟಿ ವಿಸ್ತರಿಸಿಕೊಂಡರೆ ಇನ್ನೂ ಕೆಲವು ವರ್ಷ. ಅಪಘಾತವಾದಾಗ ಬಿಡಿಭಾಗದ ಪೂರ್ತಿ ಬೆಲೆ ಕೊಡುವ 'ಜೀರೊ ಡಿಪ್ರಿಸಿಯೇಷನ್' ವಿಮೆ ಸಾಮಾನ್ಯವಾಗಿ ಐದು ವರ್ಷದ ತನಕ, ಕೆಲವೆಡೆ ಏಳು. ತಯಾರಿಕೆಯ ದೋಷವಿದ್ದರೆ ಕಾರುಗಳನ್ನು ವಾಪಸು ಕರೆಸಿ ಸರಿಮಾಡಿಕೊಡಬೇಕೆಂಬ ಕಡ್ಡಾಯ ನಿಯಮ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಒಳ್ಳೆಯ ನಿಯಮವೇ. ಅದು ಅನ್ವಯವಾಗುವುದು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ.

ಸಾಲದ ಕಥೆ ನೋಡಿ. ಏಳು ಲಕ್ಷ ಸಾಲ, ಶೇ 9.5 ಬಡ್ಡಿ, ಏಳು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 11,400 ರೂಪಾಯಿ. ವಾರಂಟಿ ಮೂರನೇ ವರ್ಷಕ್ಕೆ ಮುಗಿದರೆ ಉಳಿದ ನಾಲ್ಕು ವರ್ಷ ಇಎಂಐ ಜೊತೆಗೆ ರಿಪೇರಿಯನ್ನೂ ಕೈಯಿಂದಲೇ ಹಾಕಬೇಕು. ಮಳೆ ಕೈ ಕೊಟ್ಟು ಶೇಂಗಾ ಹೋದ ವರ್ಷ, ಗೇರ್‌ಬಾಕ್ಸೂ ಹೋದರೆ ಮನೆಯೇ ಅಲ್ಲಾಡುತ್ತದೆ.

ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಹಳೆ ಕಾರಿಗೆ ಪೆಟ್ರೋಲಿನ ಬದಲಾವಣೆಯೂ ತಟ್ಟಿದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ನಿಂದೀಚಿನ ಕಾರುಗಳ ಬಿಡಿಭಾಗಗಳು ಅದನ್ನು ತಾಳುವಂತೆ ತಯಾರಾಗಿವೆ. ಮೊದಲಿನ ಕಾರುಗಳಲ್ಲಿ ಮೈಲೇಜ್ ಶೇ 6-7ರವರೆಗೆ ಇಳಿಯಬಹುದೆಂದು ಸರ್ಕಾರದ 2021ರ ಎಥನಾಲ್ ಮಾರ್ಗಸೂಚಿಯೇ ಹೇಳಿತ್ತು. ಹಳೆ ಕಾರು ಕೊಳ್ಳುವಾಗ ಇಂಧನದ ರಬ್ಬರ್ ಪೈಪು, ಸೀಲುಗಳನ್ನು ನೋಡಿಸುವುದು ಒಳ್ಳೆಯದು.

ಕಂಪನಿಯೇ ಹೊರಟುಹೋದರೆ?

ಕಾರು ಗಟ್ಟಿಯಿದ್ದು ಕಂಪನಿ ಗಟ್ಟಿಯಿಲ್ಲದ ಉದಾಹರಣೆಗಳೂ ನಮ್ಮ ಕಣ್ಣ ಮುಂದಿವೆ. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಬಾಡಿಗೆಗೆ ಓಡುತ್ತಿದ್ದ ಅದರ ತವೇರಾಗಳು ಅನಾಥವಾದವು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು, ಮರುವರ್ಷ ಡಾಟ್ಸನ್ ಹೋಯಿತು. ಬಿಡಿಭಾಗ ಕೊಡುತ್ತೇವೆಂದು ಕಂಪನಿಗಳು ಮಾತು ಕೊಡುತ್ತವೆ. ಆದರೆ ವರ್ಷ ಕಳೆದಂತೆ ಡೀಲರುಗಳು ಕಡಿಮೆಯಾಗುತ್ತಾರೆ, ಬಿಡಿಭಾಗ ಬರಲು ವಾರಗಟ್ಟಲೆ ಕಾಯಬೇಕಾಗುತ್ತದೆ. ಸಣ್ಣ ಊರಿನವರಿಗೆ ಈ ಕಾಯುವಿಕೆ ಮೊದಲು ತಟ್ಟುತ್ತದೆ.

ಇದಕ್ಕೆ ತದ್ವಿರುದ್ಧ ಉದಾಹರಣೆ ಫಿಯಟ್‌ನ 1.3 ಲೀಟರಿನ ಡೀಸೆಲ್ ಇಂಜಿನ್. ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ ಎಲ್ಲದರಲ್ಲೂ ಅದೇ ಇಂಜಿನ್ ಇತ್ತು. ಫಿಯಟ್ ಕಾರು ಇಲ್ಲಿಂದ ಹೋಯಿತು, ಇಂಜಿನ್ ತಯಾರಿಕೆಯೂ 2020ಕ್ಕೆ ನಿಂತಿತು. ಆದರೂ ಅದರ ಹೊಟ್ಟೆಯೊಳಗೆ ಏನಿದೆಯೆಂದು ಚಳ್ಳಕೆರೆಯ ಮೆಕ್ಯಾನಿಕ್‌ಗೂ ಗೊತ್ತು, ಬಿಡಿಭಾಗವೂ ಸಿಗುತ್ತದೆ. ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾದ ಕಾರು ಕೊಳ್ಳುವುದರಲ್ಲಿರುವ ಅನುಕೂಲ ಇದು. ಊರಲ್ಲಿ ಒಬ್ಬರ ಹತ್ತಿರವೂ ಇಲ್ಲದ ಕಾರನ್ನು ತರುವುದು ಹೆಮ್ಮೆಯ ವಿಷಯವಾಗಬಹುದು, ಆರನೇ ವರ್ಷದಲ್ಲಿ ಅದೇ ಒಂಟಿತನವಾಗುತ್ತದೆ.

ಬಾಳಿಕೆಗಿಂತ ಮುಂದೆ ಸುರಕ್ಷತೆ

ಇಷ್ಟೆಲ್ಲ ಹೇಳಿದ ಮೇಲೂ ಬಾಳಿಕೆಯ ಹೆಸರಲ್ಲಿ ಒಂದು ರಾಜಿಯನ್ನು ಮಾತ್ರ ಮಾಡಿಕೊಳ್ಳಬಾರದು. ಹಳೆಯ ಗಟ್ಟಿ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ಸುರಕ್ಷತೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ. ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ಜುಲೈನಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಬರುವಷ್ಟರಲ್ಲಿ 2022 ಬಂತು. 'ಭಾರತ್ ಎನ್‌ಕ್ಯಾಪ್' ಪರೀಕ್ಷೆ ಶುರುವಾದದ್ದು 2023ರ ಅಕ್ಟೋಬರಿನಲ್ಲಿ.

ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು 2019ರ ಗೆರೆಯನ್ನು ನೆನಪಿಟ್ಟುಕೊಳ್ಳಬೇಕು. ಅದಕ್ಕಿಂತ ಹಳೆಯದಾದರೆ ಏರ್‌ಬ್ಯಾಗ್, ಎಬಿಎಸ್ ಇವೆಯೇ ಎಂದು ಕೇಳಿ, ಇಲ್ಲದಿದ್ದರೆ ಎಷ್ಟೇ ಗಟ್ಟಿಯಾದರೂ ಬಿಡಿ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ, ಹಳೆಯ ದೊಡ್ಡ ಕಾರೋ ಹೊಸ ಸಣ್ಣ ಕಾರೋ ಎಂಬ ಲೆಕ್ಕ ಇನ್ನೊಮ್ಮೆ ಹಾಕಿ ನೋಡುವಂತಾಗಿದೆ. ಬೆಲೆ ಸಮೀಪ ಬಂದಲ್ಲಿ ನಾನು ಹೊಸ ಸಣ್ಣ ಕಾರಿನ ಪರ.

ಹೊಸದೋ ಹಳೆಯದೋ ಎನ್ನುವ ಮುನ್ನ ಕಾರೇ ಬೇಕೇ ಎಂದೂ ಕೇಳಿಕೊಳ್ಳಬೇಕು. ವರ್ಷಕ್ಕೆ ಎರಡು ಮೂರು ಸಾವಿರ ಕಿ.ಮೀ. ಮಾತ್ರ ಓಡಿಸುವ ಮನೆಯವರಿಗೆ ಸ್ವಂತ ಕಾರಿಗಿಂತ ಊರಿನ ಬಾಡಿಗೆ ಗಾಡಿಯೇ ಅಗ್ಗ. ನಿಂತ ಕಾರೂ ಕೆಡುತ್ತದೆ: ಬ್ಯಾಟರಿ ಇಳಿಯುತ್ತದೆ, ಟೈರು ಬಿರಿಯುತ್ತದೆ.

ಕೇಳಬೇಕಾದವರು ಯಾರು?

ಪರಶುರಾಂಪುರದವರಿಗೆ ನೆರೆಯ ಕಲ್ಯಾಣದುರ್ಗ, ರಾಯದುರ್ಗದ ಕಡೆಯ ಆಂಧ್ರ ನೋಂದಣಿಯ ಕಾರುಗಳು ಅಗ್ಗಕ್ಕೆ ಬಂದಂತೆ ಕಾಣುತ್ತವೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಹೇರಿದ್ದ ದೆಹಲಿಯಿಂದಲೂ ಕಾರುಗಳು ದಕ್ಷಿಣಕ್ಕೆ ಹರಿದು ಬಂದಿವೆ. ಬೇರೆ ರಾಜ್ಯದ ಗಾಡಿಗೆ ಎನ್‌ಒಸಿ, ಮರುನೋಂದಣಿ, ಇಲ್ಲಿನ ತೆರಿಗೆ ಸೇರಿಸಿದ ಮೇಲೆ ಉಳಿಯುವ ಅಗ್ಗವೆಷ್ಟೆಂದು ಮೊದಲೇ ಲೆಕ್ಕ ಹಾಕಬೇಕು. ಮೀಟರ್ ಹಿಂದಕ್ಕೆ ತಿರುಗಿಸಿರುವ ಸಾಧ್ಯತೆ ಎಲ್ಲಿಯ ಕಾರಿಗೂ ಇದೆ. ಕಂಪನಿಯ ಸರ್ವಿಸ್ ದಾಖಲೆ ತೆಗೆಸಿ ನೋಡಿದರೆ ಅದು ಬಯಲಾಗುತ್ತದೆ.

ಬಾಳಿಕೆಯ ಬಗ್ಗೆ ಕೇಳಲು ಹಳದಿ ಬೋರ್ಡಿನ ಡ್ರೈವರುಗಳಿಗಿಂತ ತಿಳಿದವರಿಲ್ಲ. ಖಾಸಗಿ ಮಾಲೀಕ ಹತ್ತು ವರ್ಷದಲ್ಲಿ ಓಡಿಸುವಷ್ಟನ್ನು ಅವರು ಎರಡು ಮೂರು ವರ್ಷದಲ್ಲಿ ಓಡಿಸಿರುತ್ತಾರೆ. ಬಳ್ಳಾರಿ ಹೆದ್ದಾರಿಯ ಒಂದು ಚಹಾ ಅಂಗಡಿಯಲ್ಲಿ ನಿಂತು "ಅಣ್ಣಾ, ಇದು ಎಷ್ಟು ಓಡೈತೆ, ಏನೇನು ಹಾಕಿಸಿದ್ರಿ?" ಎಂದು ಕೇಳಿದರೆ ಯಾವ ಜಾಹೀರಾತಿನಲ್ಲೂ ಸಿಗದ ಮಾಹಿತಿ ಸಿಗುತ್ತದೆ. ಆಮೇಲೆ ನಿಮ್ಮ ಮೆಕ್ಯಾನಿಕ್ ಹತ್ತಿರ ಹೋಗಿ. ಯಾವ ಕಾರು ಒಳ್ಳೆಯದೆಂದು ಕೇಳುವುದಕ್ಕಿಂತ, ಯಾವ ಕಾರಿನ ಕೆಲಸವನ್ನು ನೀವು ಚಿತ್ರದುರ್ಗಕ್ಕೆ ಕಳಿಸದೆ ಇಲ್ಲೇ ಮಾಡುತ್ತೀರಿ ಎಂದು ಕೇಳಿ.

ಎಲೆಕ್ಟ್ರಿಕ್ ಕಾರಿನಲ್ಲಿ ಕ್ಲಚ್ಚಿಲ್ಲ, ಇಂಜಿನ್ ಆಯಿಲ್ಲಿಲ್ಲ, ಸವೆಯುವ ಭಾಗ ಕಡಿಮೆ. ಬ್ಯಾಟರಿಗೆ ಹಲವು ಕಂಪನಿಗಳು ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಕೆಟ್ಟಾಗ ಮಾತ್ರ ಊರಿನ ಮೆಕ್ಯಾನಿಕ್ ಕೈಯಲ್ಲಿ ಏನೂ ಇರುವುದಿಲ್ಲ. ಚಳ್ಳಕೆರೆಗೆ ದಿನವೂ ಹೋಗಿಬರುವ ಶಿಕ್ಷಕರಿಗೋ ನೌಕರರಿಗೋ ಅದು ಹೊಂದೀತು, ಮನೆಯ ಏಕೈಕ ಗಾಡಿಯಾಗಿ ಈಗಲೇ ಬೇಡವೆನ್ನುತ್ತೇನೆ.

ಹೊಸ ಕಾರಿನ ತಯಾರಿಕಾ ದೋಷದಿಂದ ನೊಂದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ದಾರಿ ತೆರೆದಿದೆ. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ, ಅಂದರೆ ಚಿತ್ರದುರ್ಗಕ್ಕೇ, ದೂರು ಕೊಡಬಹುದು. ಅವಧಿ ಎರಡು ವರ್ಷ. ಶೋರೂಮಿನವರು "ಇದು ಹೀಗೇ ಇರುತ್ತೆ ಸಾರ್" ಎಂದು ಸಾಗಹಾಕಿದ ಪ್ರತಿ ಸಲವೂ ಜಾಬ್ ಕಾರ್ಡ್ ಬರೆಸಿ ಇಟ್ಟುಕೊಳ್ಳಬೇಕು. ಆಯೋಗದ ಮುಂದೆ ಮಾತನಾಡುವುದು ಆ ಕಾಗದ.

ಸರ್ಕಾರದ ಬಳಿ ಇರುವ ಉತ್ತರ

ಅಮೆರಿಕದಲ್ಲಿ ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ತುಂಬಿದ ಕಾರುಗಳ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ದೋಷ ಎಂದು ಪ್ರಕಟಿಸುತ್ತದೆ. ಅದರಲ್ಲಿ ಸ್ಕ್ರೀನು, ಫೋನು ಜೋಡಣೆಯ ದೂರುಗಳೇ ದೊಡ್ಡ ಪಾಲು. ದಾರಿಯಲ್ಲಿ ನಿಲ್ಲಿಸುವ ದೋಷಕ್ಕೂ ಹಾಡು ಕೇಳಿಸದ ದೋಷಕ್ಕೂ ಅಲ್ಲಿ ಒಂದೇ ಎಣಿಕೆ. ಅದಕ್ಕಿಂತ ನಮಗೆ ಹೊಂದುವುದು ಜರ್ಮನಿಯ ಮಾದರಿ. ಅಲ್ಲಿ ಕಡ್ಡಾಯ ತಪಾಸಣೆಗೆ ಬಂದ ಕಾರುಗಳಲ್ಲಿ ಯಾವ ಮಾದರಿ, ಯಾವ ವಯಸ್ಸಿನಲ್ಲಿ, ಶೇಕಡಾ ಎಷ್ಟು ಫೇಲಾಯಿತೆಂದು ಟಿಯುವಿ ಸಂಸ್ಥೆಗಳು ವರದಿ ಹೊರಡಿಸುತ್ತವೆ. ಹನ್ನೆರಡು ಹದಿಮೂರು ವರ್ಷದ ಕಾರಿನ ಪಟ್ಟಿಯೂ ಅದರಲ್ಲಿರುತ್ತದೆ.

ನಮ್ಮಲ್ಲೂ ಆ ತಪಾಸಣೆ ನಡೆಯುತ್ತಿದೆ. ಹಳದಿ ಬೋರ್ಡಿನ ಗಾಡಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪ್ರಮಾಣಪತ್ರಕ್ಕೆ, ಹೋಗಲೇಬೇಕು. ಯಾವ ಗಾಡಿ ಯಾವ ವರ್ಷದ್ದು, ಪಾಸಾಯಿತೋ ಇಲ್ಲವೋ ಎಂಬುದೆಲ್ಲ ಸಾರಿಗೆ ಇಲಾಖೆಯ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಯಂತ್ರವೇ ಬ್ರೇಕು, ಸಸ್ಪೆನ್ಷನ್ ಅಳೆಯುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳೂ ಬರುತ್ತಿವೆ. ಮಾಲೀಕರ ಹೆಸರು, ನಂಬರು ಯಾವುದೂ ಬೇಡ. ಮಾದರಿ, ವಯಸ್ಸು, ಫಲಿತಾಂಶ ಈ ಮೂರನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಿದರೆ ಸಾಕು. ಕೆಎ-16ರ ಚಿತ್ರದುರ್ಗ ಆರ್‌ಟಿಒ ಕಚೇರಿಯಿಂದಲೇ ಅದನ್ನು ಶುರು ಮಾಡಬಹುದು; ಹಳೆ ಕಾರಿಗೆ ಜೀವಮಾನದ ಉಳಿತಾಯ ಹಾಕಲು ಹೊರಟ ಜನ ಈ ಜಿಲ್ಲೆಯಲ್ಲಿ ಎಷ್ಟೋ ಇದ್ದಾರೆ, ಅವರು ಕಟ್ಟಿದ ತೆರಿಗೆಯಿಂದಲೇ ಆ ದಾಖಲೆ ಸಿದ್ಧವಾಗುತ್ತಿದೆ.